ಎಪ್ಪತ್ತು ಬೆಸುಗೆ, ಒಂದು ಹನಿ

ಪೀಣ್ಯ ಎರಡನೇ ಹಂತದ ಆ ಶೆಡ್ಡಿನಲ್ಲಿ ಭೀಮಪ್ಪನ ಖರ್ಚಿನಲ್ಲಿ ಟೀ ಕುಡಿಯದವನು ಒಬ್ಬನೂ ಇರಲಿಲ್ಲ. ಹಾಗಂತ ಅವನೇನು ದಾನಶೂರ ಕರ್ಣನಲ್ಲ, ಅದು ಅಲ್ಲಿಯ ಕಟ್ಟಳೆ. ವೆಲ್ಡಿಂಗ್ ಮುಗಿದ ಟ್ಯಾಂಕಿಗೆ ನೀರು ತುಂಬಿ, ಪಂಪಿನಿಂದ ಒತ್ತಡ ಕೊಟ್ಟು, ಎಲ್ಲರೂ ಸುತ್ತ ನಿಂತು ನೋಡುತ್ತಾರೆ. ಎಲ್ಲಾದರೂ ಒಂದು ಹನಿ ಕಂಡರೆ ಟ್ಯಾಂಕು ಫೇಲು. ಹನಿ ಕಂಡ ಜಾಗಕ್ಕೆ ಸೀಮೆಸುಣ್ಣದಲ್ಲಿ ಸುತ್ತು ಹಾಕಬೇಕಾದವನು ಬೆಸುಗೆ ಹಾಕಿದವನೇ. ನಾನಲ್ಲ ಎನ್ನುವ ಹಾಗೂ ಇಲ್ಲ. ಪ್ರತಿ ವೆಲ್ಡರಿಗೂ ಒಂದು ನಂಬರಿನ ಉಕ್ಕಿನ ಪಂಚು ಇರುತ್ತದೆ, ತನ್ನ ಕೆಲಸದ ಪಕ್ಕದಲ್ಲಿ ಅದನ್ನು ಒತ್ತಿರುತ್ತಾನೆ. ಭೀಮಪ್ಪನದು ಒಂಬತ್ತು. ಸುತ್ತು ಹಾಕಿದ ಮೇಲೆ ಗೇಟಿನ ಹೊರಗಿನ ಅಶ್ವತ್ಥಮ್ಮನ ಗಾಡಿಗೆ ಹೋಗಿ ಎಲ್ಲರಿಗೂ ಟೀ ಹೇಳಬೇಕು. ಇದಕ್ಕೆ ‘ಸೋರಿದ ಟೀ’ ಎಂದು ಹೆಸರು. ನಗುನಗುತ್ತಾ ಮರ್ಯಾದೆ ತೆಗೆಯುವ ಈ ಉಪಾಯವನ್ನು ಯಾವ ಪುಣ್ಯಾತ್ಮ ಕಂಡುಹಿಡಿದನೋ ಯಾರಿಗೂ ಗೊತ್ತಿಲ್ಲ.

ಭೀಮಪ್ಪ ಚೊಕ್ಕಸಂದ್ರದವನು. ಅಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಕಾರ್ಖಾನೆ ಎದ್ದ ಮೇಲೆ, ಅದೇ ಮಣ್ಣಿನ ಮೇಲೆ ಹಾಕಿದ ಸಿಮೆಂಟಿನಲ್ಲಿ ಕುಕ್ಕರುಗಾಲಲ್ಲಿ ಕೂತು ವೆಲ್ಡಿಂಗ್ ಕಲಿತ. ಕಲಿಯುವ ದಿನಗಳಲ್ಲಿ ಬೆಳಕು ಹೊಡೆದು ಕಣ್ಣು ಉರಿದರೆ ಅವನ ತಾಯಿ, ಆಮೇಲೆ ಹೆಂಡತಿ ಅಂಜನಮ್ಮ, ಆಲೂಗಡ್ಡೆ ಹೋಳು ಕೊಯ್ದು ರೆಪ್ಪೆ ಮೇಲೆ ಇಡುತ್ತಿದ್ದರು. ಮೂವತ್ತು ವರ್ಷ ಹೀಗೆ ಕಳೆಯಿತು. ಅವನು ಹಾಕಿದ ಬೆಸುಗೆ ಚಕ್ಕುಲಿಯ ಅಂಚಿನ ಹಾಗೆ ಒಂದೇ ಸಮ ಇರುತ್ತಿತ್ತು. ಇದನ್ನು ಅವನ ಶತ್ರುಗಳೂ ಒಪ್ಪುತ್ತಿದ್ದರು, ಶತ್ರುಗಳು ಅಂತ ಇದ್ದಿದ್ದರೆ.

ಆದರೆ ಕೈ ಒಳ್ಳೆಯದಿದ್ದರೆ ನಷ್ಟವೂ ಉಂಟು. ಶೆಡ್ಡಿನಲ್ಲಿ ಎರಡು ಥರದ ಕೆಲಸ ನಡೆಯುತ್ತಿತ್ತು. ಒಂದು ಗಾಳಿ ಟ್ಯಾಂಕು, ಅದರಲ್ಲಿ ಎಂಟು ಕಡೆ ಬೆಸುಗೆ ಹಾಕಿದರೆ ಮುಗಿಯಿತು. ಇನ್ನೊಂದು, ಬಿಸಿ ಎಣ್ಣೆಯನ್ನು ತಣ್ಣಗೆ ಮಾಡುವ ದೊಡ್ಡ ಡ್ರಮ್ಮು. ಅದರ ಒಳಗೆ ಉದ್ದಕ್ಕೂ ಬೆರಳು ದಪ್ಪದ ಮೂವತ್ತೈದು ಕೊಳವೆ, ಪ್ರತಿ ಕೊಳವೆಯ ಎರಡೂ ತುದಿಗೆ ಬೆಸುಗೆ, ಒಟ್ಟು ಎಪ್ಪತ್ತು. ಮುಚ್ಚಳದ ತುಂಬ ತೂತುಗಳಿರುವುದರಿಂದ ಹುಡುಗರು ಅದನ್ನು ಜರಡಿ ಎಂದು ಕರೆಯುತ್ತಿದ್ದರು. ಜರಡಿ ಕಷ್ಟದ ಕೆಲಸ, ಆದ್ದರಿಂದ ಭೀಮಪ್ಪನಿಗೆ. ಗಾಳಿ ಟ್ಯಾಂಕು ಸುಲಭದ್ದು, ಅದು ನರೇಶನಂಥ ಮೂರು ವರ್ಷದ ವೆಲ್ಡರಿಗೆ. ಜರಡಿ ಎರಡಕ್ಕೊಂದರಂತೆ ಸೋರುತ್ತಿತ್ತು. ಹಾಗಾಗಿ ಸೋರಿದ ಟೀ ಎಂದರೆ ಬಹುತೇಕ ಭೀಮಪ್ಪನ ಟೀ ಎಂದೇ ಆಗಿಹೋಗಿತ್ತು.

ಅವನು ಅದನ್ನು ನಗುತ್ತಲೇ ಕುಡಿಸುತ್ತಿದ್ದ. ಆದರೆ ಒಳಗೆ ನಗು ಇರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ; ಇವನು ಅದಕ್ಕೆ ತದ್ವಿರುದ್ಧ, ನೆಲ ನಿಜವಾಗಿ ಡೊಂಕಿದ್ದರೂ ತನ್ನ ಕಾಲನ್ನೇ ಬೈಯುವ ಪೈಕಿ. ಒಂದು ಜರಡಿ ಸೋರಿದರೆ, ಬೆಳಿಗ್ಗೆ ಮಗಳು ಗೌರಿಗೆ ಸುಮ್ಮಸುಮ್ಮನೆ ಗದರಿದ್ದು ಕಾರಣ. ಇನ್ನೊಂದು ಸೋರಿದರೆ, ಹಿಂದಿನ ದಿನ ಮದುವೆಮನೆಯಲ್ಲಿ ನಿದ್ದೆಗೆಟ್ಟದ್ದು. ಮತ್ತೊಂದಕ್ಕೆ, ಶನಿವಾರ ಆಂಜನೇಯನ ಗುಡಿಗೆ ಹೋಗದೆ ಮಲಗಿದ್ದದ್ದು. ಸಂಜೆ ಮನೆಗೆ ಬಂದು ಜಗಲಿ ಮೇಲೆ ಕೂತು ಆ ಕಾರಣ ಸಿಗುವ ತನಕ ಏಳುತ್ತಿರಲಿಲ್ಲ. ಹುಡುಕಿದರೆ ಸಿಗದೇ ಇರುತ್ತದೆಯೇ, ಮನುಷ್ಯ ಅಂದಮೇಲೆ ದಿನಕ್ಕೊಂದು ತಪ್ಪು ಇದ್ದೇ ಇರುತ್ತದೆ. ಹೀಗೆ ಮೂವತ್ತು ವರ್ಷದ ಸೋರಿಕೆಗಳನ್ನೆಲ್ಲ ಅವನು ತನ್ನ ತಪ್ಪುಗಳ ಜೊತೆ ಗಂಟು ಹಾಕಿಕೊಂಡಿದ್ದ. ಇಂಥ ಮನುಷ್ಯನಿಗೆ ದಣಿವು ಬೇರೆ ಎಲ್ಲಿಂದಲೂ ಬರಬೇಕಾಗಿಲ್ಲ.

ತುಮಕೂರು ರಸ್ತೆಯಲ್ಲಿ ಮೆಟ್ರೊ ಕಂಬಗಳು ಏಳುತ್ತಿದ್ದ ವರ್ಷ, ಶೆಡ್ಡಿಗೆ ರಾಜೇಂದ್ರ ಎಂಬ ಹೊಸ ಮ್ಯಾನೇಜರ್ ಬಂದ. ಕೆಟ್ಟವನಲ್ಲ. ಶುದ್ಧ ಆತುರದವನು. ಬಂದ ವಾರದಲ್ಲೇ ಅಶ್ವತ್ಥಮ್ಮನ ಗಾಡಿ ಹತ್ತಿರ ನಿಂತು ಟೀ ಕುಡಿಯುತ್ತಾ, ಇಲ್ಲಿ ಜಾಸ್ತಿ ಟೀ ಕೊಡಿಸೋದು ಯಾರು ಎಂದು ತಮಾಷೆಗೆ ಕೇಳಿದ. ಅವಳು ಲೋಟ ತೊಳೆಯುತ್ತಲೇ, “ಇನ್ಯಾರು ಸಾರ್, ನಮ್ ಭೀಮಪ್ಪಣ್ಣ. ಅವರಿಂದಾನೇ ನಮ್ ಅಂಗ್ಡಿ ನಡೀತಿರೋದು” ಎಂದಳು. ಅವಳು ಹೊಗಳಿದ್ದು. ರಾಜೇಂದ್ರ ಅದನ್ನು ವರದಿ ಎಂದು ತಿಳಿದ. ಆರು ತಿಂಗಳ ಪರೀಕ್ಷೆಯ ಫಲಿತಾಂಶ ತರಿಸಿ ನೋಡಿದರೆ ಅಶ್ವತ್ಥಮ್ಮನ ಮಾತು ಸರಿಯಾಗಿತ್ತು. ನರೇಶನ ಟ್ಯಾಂಕು ಐದಕ್ಕೊಂದು ಸೋರುತ್ತದೆ, ಭೀಮಪ್ಪನದು ಎರಡಕ್ಕೊಂದು. ಇದಕ್ಕಿಂತ ಬೇರೆ ಸಾಕ್ಷಿ ಏನು ಬೇಕು, ಅಂಗೈ ಹುಣ್ಣಿಗೆ ಕನ್ನಡಿ ಯಾಕೆ.

ಅವನು ಭೀಮಪ್ಪನನ್ನು ಒಳಗೆ ಕರೆದು ಕುರ್ಚಿ ಕೊಟ್ಟು ಕೂರಿಸಿದ. ಕುರ್ಚಿ ಕೊಟ್ಟಾಗಲೇ ಭೀಮಪ್ಪನಿಗೆ ಏನೋ ಕೆಟ್ಟದ್ದು ಕಾದಿದೆ ಅನ್ನಿಸಿತು.

“ಭೀಮಪ್ಪನವರೇ, ಬೇಜಾರು ಮಾಡ್ಕೋಬೇಡಿ. ವಯಸ್ಸು ಎಲ್ರಿಗೂ ಆಗುತ್ತೆ. ಒಂದನೇ ತಾರೀಕಿಂದ ನೀವು ವೆಲ್ಡಿಂಗ್ ಬಿಟ್ಟು ಗ್ರೈಂಡಿಂಗ್ ನೋಡ್ಕೊಳ್ಳಿ. ಸಂಬಳ ಅದೇ ಇರುತ್ತೆ. ನಿಮ್ ಪಂಚ್ ಸ್ಟೋರ್ಸಿಗೆ ಕೊಟ್ಬಿಡಿ.”

“ಆಯ್ತು ಸಾರ್,” ಎಂದ ಭೀಮಪ್ಪ.

ವಾದ ಮಾಡಬಹುದಿತ್ತು. ಮಾಡಲಿಲ್ಲ, ಯಾಕೆಂದರೆ ಅವನಿಗೂ ಹಾಗೇ ಅನ್ನಿಸಿತ್ತು. ಮನೆಗೆ ಬಂದು ಜಗಲಿಯ ಮೇಲೆ ಕೂತು ಬಲಗೈ ಚಾಚಿ ನೋಡಿದ. ನಡುಗುತ್ತಿರಲಿಲ್ಲ. ನಡುಗದೇ ಇದ್ದದ್ದು ಇನ್ನೂ ಕಷ್ಟವಾಯಿತು, ನಡುಗಿದ್ದರೆ ಕಾರಣವಾದರೂ ಕಣ್ಣಿಗೆ ಕಾಣುತ್ತಿತ್ತು.

“ಸಂಬಳ ಕಡ್ಮೆ ಮಾಡಿಲ್ವಲ್ಲ, ಬಿಡಿ. ಬೆನ್ನಿಗೂ ಒಸಿ ರೆಸ್ಟ್ ಆಯ್ತದೆ,” ಎಂದಳು ಅಂಜನಮ್ಮ.

“ರೆಸ್ಟ್ ಬೇಕು ಅಂತ ಕೈ ಕಳ್ಕೊಳ್ಳಕಾಯ್ತದಾ. ಕೈ ಕೆಟ್ಟೋಗ್ಯದೆ ಕಣೆ. ಯಾವತ್ತು ಕೆಡ್ತೋ ಅದೂ ಗೊತ್ತಾಗಿಲ್ಲ ನಂಗೆ.”

ಅಂಜನಮ್ಮ ಒಳಗೆ ಹೋದಳು. ಸಮಾಧಾನದ ಮಾತು ಅವಳಿಗೆ ಗೊತ್ತಿರಲಿಲ್ಲ ಎಂದಲ್ಲ. ಮೂವತ್ತು ವರ್ಷ ಹೇಳಿ ಹೇಳಿ ಅವಳಿಗೂ ಸಾಕಾಗಿತ್ತು.

ಒಂದನೇ ತಾರೀಕಿಗೆ ಮುಂಚೆ ಅವನ ಪಾಲಿಗೆ ಒಂದೇ ಜರಡಿ ಉಳಿದಿತ್ತು. ಅದಕ್ಕೆ ಅವನು ತೋರಿಸಿದ ಎಚ್ಚರಿಕೆಯನ್ನು ಮಗಳ ಮದುವೆಗೂ ತೋರಿಸಿರಲಿಕ್ಕಿಲ್ಲ. ವಾರವಿಡೀ ಯಾರ ಮೇಲೂ ರೇಗಲಿಲ್ಲ, ಹೊತ್ತಿಗೆ ಸರಿಯಾಗಿ ಮಲಗಿದ, ಶನಿವಾರ ಗುಡಿಗೆ ಹೋಗಿ ಬಂದ. ಪರೀಕ್ಷೆಯ ದಿನ ನೀರು ತುಂಬಿದರು, ಪಂಪು ಒತ್ತಿದರು. ಒತ್ತಡದ ಮೀಟರಿನ ಮುಳ್ಳು ಏರಿತು. ಎಡಗಡೆ ಮುಚ್ಚಳದ ಕೆಳಸಾಲಿನಲ್ಲಿ ಒಂದು ಹನಿ ಹುಟ್ಟಿ, ದಪ್ಪವಾಗಿ, ಜಾರಿತು. ಭೀಮಪ್ಪ ಎದ್ದು ಸುತ್ತು ಹಾಕಿದ. ಈ ಸಲ ಯಾರೂ ಟೀ ಅನ್ನಲಿಲ್ಲ. ಒಬ್ಬೊಬ್ಬರಾಗಿ ತಮ್ಮ ತಮ್ಮ ಕೆಲಸಕ್ಕೆ ಹೋದರು, ಅವನು ಅಲ್ಲೇ ಒಂದು ಖಾಲಿ ಡ್ರಮ್ಮಿನ ಮೇಲೆ ಕೂತ.

ಪಕ್ಕದಲ್ಲಿ ಉಳಿದವಳು ಉಮಾಶ್ರೀ, ಇನ್‌ಸ್ಪೆಕ್ಷನ್ ಇಂಜಿನಿಯರು. ಬಾಗಲಕೋಟೆ ಕಡೆಯವಳು, ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಜಾಲಹಳ್ಳಿ ಕ್ರಾಸಿನ ಹತ್ತಿರ ಅಪಾರ್ಟ್‌ಮೆಂಟಿನಲ್ಲಿ ಮನೆ. ಗಂಡ ಸಂಗಮೇಶನಿಗೆ ಕೆಲಸ ಇರುವುದು ಊರಿನ ಇನ್ನೊಂದು ತುದಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಇಬ್ಬರೂ ಮುಖ ನೋಡಿಕೊಳ್ಳುವುದು ಭಾನುವಾರ, ಅದೂ ನಿದ್ದೆಗಣ್ಣಿನಲ್ಲಿ. ಅವಳೂ ದಣಿದಿದ್ದಳು. ದಣಿದವರಿಗೆ ದಣಿದವರು ಬೇಗ ಕಣ್ಣಿಗೆ ಬೀಳುತ್ತಾರೆ.

“ಒಂದ ಸೋರೇತಲ್ರಿ,” ಎಂದಳು.

“ಒಂದು ಸೋರಿದ್ರೂ ಸೋರಿದ್ದೇ ಅಲ್ವ ಮೇಡಂ.”

“ಹಂಗಲ್ರಿ. ಯಾವಾಗ್ಲೂ ಎಷ್ಟ ಸೋರ್ತಾವ? ಒಮ್ಮೆಗೇ ಹತ್ತು ಹನ್ನೆರಡು ಸೋರಿದ್ದು ಐತೇನು?”

ಭೀಮಪ್ಪ ಯೋಚಿಸಿದ. “ಇಲ್ಲ. ಒಂದು. ಅಪ್ರೂಪಕ್ಕೆ ಎರಡು.”

“ಕೈ ಕೆಟ್ಟಿದ್ರ, ಇಲ್ಲಾ ಆ ದಿನ ಮನಸ್ಸು ಕೆಟ್ಟಿದ್ರ, ಒಂದ ಯಾಕ ಕೆಡಬೇಕ್ರಿ? ಆ ದಿನ ಹಾಕಿದ್ದೆಲ್ಲಾ ಸಾಲಾಗಿ ಕೆಡಬೇಕು.”

ಇದು ಅವನಿಗೆ ಹೊಳೆದೇ ಇರಲಿಲ್ಲ. ಮಗಳಿಗೆ ಗದರಿದ ದಿನ ಎಪ್ಪತ್ತು ಬೆಸುಗೆ ಹಾಕಿದ್ದ. ಅರವತ್ತೊಂಬತ್ತಕ್ಕೆ ತಾಗದ ಪಾಪ ಒಂದಕ್ಕೆ ಮಾತ್ರ ತಾಗಿತ್ತು.

ಉಮಾಶ್ರೀ ಅವನ ಕೈಯಿಂದ ಸೀಮೆಸುಣ್ಣ ಇಸಿದುಕೊಂಡು ನೆಲದ ಮೇಲೆ ಲೆಕ್ಕ ಹಾಕಿದಳು. ಎರಡು ಜರಡಿಯಲ್ಲಿ ನೂರಾ ನಲವತ್ತು ಬೆಸುಗೆ, ಅದರಲ್ಲಿ ಕೆಟ್ಟದ್ದು ಒಂದು, ಕೆಲವು ಸಲ ಎರಡು. ಹೆಚ್ಚುಕಡಿಮೆ ನೂರಕ್ಕೆ ಒಂದು. “ನೂರಾಗ ತೊಂಬತ್ತೊಂಬತ್ತು ಗಟ್ಟಿ. ಇದು ಕೆಟ್ಟ ಕೈ ಅಲ್ರಿ.”

“ನೂರಕ್ಕೊಂದು ಕೆಟ್ರೆ ಎಂಗೆ ಮೇಡಂ ಎರಡಕ್ಕೊಂದು ಟ್ಯಾಂಕು ಸೋರ್ತದೆ? ಲೆಕ್ಕ ಕೂಡಕಿಲ್ಲ ಬುಡಿ.” ಸಮಾಧಾನಕ್ಕೆ ಹೇಳುತ್ತಿದ್ದಾಳೆ ಎಂದು ಅವನಿಗೆ ಸ್ವಲ್ಪ ಸಿಟ್ಟೂ ಬಂತು.

“ಒಂದಾದರೂ ಸೋರೋದು ಅಂತ ಲೆಕ್ಕ ಹಿಡದ್ರ ತಲಿ ಕೆಡ್ತದ. ಇದು ಸೋರಬಹುದು, ಅದು ಸೋರಬಹುದು, ಎರಡೂ ಸೋರಬಹುದು, ಮುಗಿಯೂದಿಲ್ಲ. ಅದಕ್ಕ ತಿರುಗಿಸಿ ಕೇಳಬೇಕ್ರಿ. ಒಂದೂ ಸೋರಬಾರದು ಅಂದ್ರ ಏನಾಗಬೇಕು?”

“ಎಪ್ಪತ್ತೂ ಗಟ್ಟಿ ಇರ್ಬೇಕು.”

“ಅಷ್ಟ ನೋಡ್ರಿ. ಅದೊಂದನ್ನ ಲೆಕ್ಕ ಮಾಡೋಣು.”

ಅಂಗಳದಲ್ಲಿ ನೂರು ಜರಡಿ ಸಾಲಾಗಿ ನಿಲ್ಲಿಸಿದ್ದೀರಿ ಎಂದುಕೊಳ್ಳಿ ಎಂದಳು. ಎಲ್ಲದಕ್ಕೂ ಒಂದೊಂದು ಬೆಸುಗೆ ಹಾಕಿದಿರಿ, ನೂರಕ್ಕೊಂದು ಕೆಡುತ್ತದೆ, ತೊಂಬತ್ತೊಂಬತ್ತು ಟ್ಯಾಂಕು ಉಳಿದವು. ಎರಡನೇ ಬೆಸುಗೆಗೆ ಮೊದಲನೆಯದರ ಸುದ್ದಿಯೇ ಗೊತ್ತಿಲ್ಲ, ಅದು ತನ್ನ ಪಾಡಿಗೆ ತಾನು ಉಳಿದವುಗಳಲ್ಲಿ ಮತ್ತೆ ನೂರಕ್ಕೊಂದನ್ನು ಕೆಡಿಸುತ್ತದೆ, ತೊಂಬತ್ತೆಂಟು ಆಯಿತು. ಪ್ರತಿ ಸಲವೂ ಉಳಿದದ್ದನ್ನು ತೊಂಬತ್ತೊಂಬತ್ತರಿಂದ ಗುಣಿಸಿ ನೂರರಿಂದ ಭಾಗಿಸುತ್ತಾ ಹೋಗುವುದು, ಅಷ್ಟೇ. ಮೊಬೈಲಿನಲ್ಲಿ ಒತ್ತುತ್ತಾ ಅವಳು ಹೇಳಿದಳು, ಅವನು ಕೇಳಿದ. ಹತ್ತು ಬೆಸುಗೆ ಮುಗಿಯುವ ಹೊತ್ತಿಗೆ ತೊಂಬತ್ತು ಟ್ಯಾಂಕು. ಮೂವತ್ತಕ್ಕೆ ಎಪ್ಪತ್ತನಾಲ್ಕು. ಎಪ್ಪತ್ತಕ್ಕೆ ನಲವತ್ತೊಂಬತ್ತೂವರೆ.

“ಒಂದೂ ಸೋರದ್ದು ಅರ್ಧ. ನೂರರಾಗ ಅದನ್ನ ಕಳೀರಿ. ಒಂದಾದರೂ ಸೋರಿದ್ದು ಇನ್ನರ್ಧ. ಎರಡಕ್ಕೊಂದು. ನಿಮ್ಮ ಕೈ ಕೆಟ್ಟಿಲ್ಲ, ಬೆಸುಗಿ ಹೆಚ್ಚ ಅದಾವ, ಅಷ್ಟ.”

ಭೀಮಪ್ಪ ಆ ಅಂಕಿಗಳನ್ನು ಬಹಳ ಹೊತ್ತು ನೋಡಿದ. ಅವನಿಗೆ ಸಂತೋಷವಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಮೊದಲು ಬಂದದ್ದು ಭಯ. ಇಷ್ಟು ವರ್ಷ ತನ್ನನ್ನು ಬೈದುಕೊಂಡದ್ದೆಲ್ಲ ದಂಡವಾಯಿತೇ ಎಂಬ ಭಯ.

ಉಮಾಶ್ರೀ ಬಿಡಲಿಲ್ಲ, ಅವನನ್ನು ಕರೆದುಕೊಂಡು ರಾಜೇಂದ್ರನ ಕೋಣೆಗೆ ಹೋದಳು. ರಾಜೇಂದ್ರ ಕೇಳಿಸಿಕೊಂಡು ತಲೆ ಅಲ್ಲಾಡಿಸಿದ.

“ಒಂದ್ ಪರ್ಸೆಂಟ್ ಅಂದ್ರೆ ಒಂದ್ ಪರ್ಸೆಂಟೇ ಮೇಡಂ. ಜಾಯಿಂಟ್ ಒಂದ್ ಪರ್ಸೆಂಟ್ ಕೆಟ್ರೆ ಟ್ಯಾಂಕೂ ಒಂದ್ ಪರ್ಸೆಂಟ್ ತಾನೇ ಕೆಡ್ಬೇಕು.”

“ಕ್ಯಾಲ್ಕುಲೇಟರ್ ಐತಲ್ರಿ ಸರ್. ಒತ್ತಿ ನೋಡ್ರಿ.”

ರಾಜೇಂದ್ರ ಮೇಜಿನ ಮೇಲಿದ್ದದ್ದನ್ನು ಎಳೆದುಕೊಂಡು ಒತ್ತತೊಡಗಿದ. ಒತ್ತಿದ ಹಾಗೆಲ್ಲ ಅಂಕಿ ಒಂದೊಂದು ಮೆಟ್ಟಿಲು ಇಳಿಯಿತು. ನಲವತ್ತರ ಸುಮಾರಿಗೆ ಎಣಿಕೆ ತಪ್ಪಿ ಮತ್ತೆ ಮೊದಲಿನಿಂದ ಶುರು ಮಾಡಿದ. ಎರಡನೇ ಸಲ ಎಪ್ಪತ್ತು ಮುಗಿದಾಗ ಅವನ ಮುಖದಲ್ಲಿ ಆತುರ ಉಳಿದಿರಲಿಲ್ಲ. ಆಮೇಲೆ ತಾನೇ ನರೇಶನ ಲೆಕ್ಕ ತೆಗೆದ. ಎಂಟು ಬೆಸುಗೆಯ ಟ್ಯಾಂಕು ಐದಕ್ಕೊಂದು ಸೋರುತ್ತದೆ ಅಂದರೆ, ಬೆಸುಗೆ ನೂರಕ್ಕೆ ಸುಮಾರು ಮೂರು ಕೆಡುತ್ತವೆ. ಭೀಮಪ್ಪನಿಗಿಂತ ಮೂರು ಪಟ್ಟು.

“ಜರಡೀನ ನರೇಶನಿಗೆ ಕೊಟ್ಟಿದ್ರೆ?” ಎಂದು ಕೇಳಿದ.

“ಹತ್ತರಾಗ ಒಂಬತ್ತು ಸೋರ್ತಿದ್ವು ಸರ್.”

ರಾಜೇಂದ್ರ ಕನ್ನಡಕ ತೆಗೆದು ಮುಖ ಒರೆಸಿಕೊಂಡ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಲು ಹೊರಟಿದ್ದೆ ಎಂದು ಅವನಿಗೆ ಅರ್ಥವಾಗಿತ್ತು, ಒಪ್ಪಿಕೊಳ್ಳುವಷ್ಟು ದೊಡ್ಡತನವೂ ಇತ್ತು. “ಭೀಮಪ್ಪನವರೇ, ತಪ್ಪಾಯ್ತು. ಪಂಚ್ ನಿಮ್ಮ ಹತ್ರಾನೇ ಇರ್ಲಿ. ಇಲ್ಲಿರೋ ಕೈಗಳಲ್ಲಿ ನಿಮ್ದೇ ಬೆಸ್ಟು.”

ಭೀಮಪ್ಪ ಕೈ ಮುಗಿದ. ಕಣ್ಣು ಒದ್ದೆಯಾಯಿತು, ಅದನ್ನು ಮುಚ್ಚಿಡಲು ಅವನು ಪ್ರಯತ್ನವನ್ನೂ ಮಾಡಲಿಲ್ಲ. ಕೈ ಕೆಟ್ಟಿಲ್ಲ. ಅದೊಂದು ಮಾತು ಯಾರಾದರೂ ಹೇಳಲಿ ಎಂದು ಎಷ್ಟು ದಿನದಿಂದ ಕಾದಿದ್ದ ಎನ್ನುವುದು ಅವನಿಗೇ ಆಗ ಗೊತ್ತಾಯಿತು.

“ಇನ್ನೊಂದು,” ಎಂದು ರಾಜೇಂದ್ರ ಹುರುಪಿನಿಂದ ಮುಂದೆ ಬಾಗಿದ. “ದೊಡ್ಡ ಆರ್ಡರ್ ಬಂದಿದೆ. ಎಪ್ಪತ್ತೆರಡು ಟ್ಯೂಬಿಂದು. ಯಾರಿಗೆ ಕೊಡೋದು ಅಂತ ಯೋಚ್ನೆಯಲ್ಲಿದ್ದೆ. ಈಗ ಪ್ರಶ್ನೇನೇ ಇಲ್ಲ, ನೀವೇ ಮಾಡಿ.”

ಭೀಮಪ್ಪ ಉಮಾಶ್ರೀಯ ಕಡೆ ನೋಡಿದ. ಅವಳು ಆಗಲೇ ಮೊಬೈಲು ತೆಗೆದಿದ್ದಳು. ಎಪ್ಪತ್ತೆರಡು ಕೊಳವೆ, ನೂರಾ ನಲವತ್ತನಾಲ್ಕು ಬೆಸುಗೆ. ಒಂದೂ ಸೋರದ್ದು ಎಷ್ಟೆಂದು ಕಂಡು ನೂರರಲ್ಲಿ ಕಳೆದು ನೋಡಿದಳು, ನೋಡಿ ಹೇಳಲು ಹಿಂಜರಿದಳು.

“ಎಷ್ಟಾಯ್ತು ಏಳಿ ಮೇಡಂ,” ಎಂದ ಭೀಮಪ್ಪ.

“ನಾಲ್ಕರಾಗ ಮೂರು ಸೋರ್ತಾವ್ರಿ.”

ರಾಜೇಂದ್ರ, ಸೋರಿದ್ದನ್ನು ತಿದ್ದಲು ಬೇರೆ ಎರಡು ದಿನ ಇಟ್ಟುಕೊಳ್ಳೋಣ, ನಿಮ್ಮನ್ನು ಯಾರೂ ಕೇಳುವುದಿಲ್ಲ ಎಂದ. ಭೀಮಪ್ಪ ಆಯ್ತು ಸಾರ್ ಎಂದ. ಗೆದ್ದವನಿಗೆ ಸಿಕ್ಕ ಬಹುಮಾನ ಇದು, ಎರಡರಷ್ಟು ಬೆಸುಗೆ.

ಕೋಣೆಯಿಂದ ಹೊರಗೆ ಬಂದ ಮೇಲೆ ಅವನು ಉಮಾಶ್ರೀಯನ್ನು ನಿಲ್ಲಿಸಿ ಕೇಳಿದ. “ಮೇಡಂ, ಸೋರಿದಾಗ ಏನಂತ ತಿಳ್ಕೊಳ್ಳಿ? ನನ್ ತಪ್ಪು ಅಂತಾನಾ, ಲೆಕ್ಕ ಅಂತಾನಾ?”

“ಒಂದೊಂದ್ಸಲ ನಿಮ್ಮ ತಪ್ಪೂ ಇರಬಹುದ್ರಿ. ನೂರರಾಗ ಒಂದು ಅಂತ ಹೇಳ್ತದ ಲೆಕ್ಕ. ಯಾವುದು, ಯಾಕ ಅಂತ ಅದಕ್ಕ ಗೊತ್ತಿಲ್ಲ.”

ಹೊಸ ಆರ್ಡರಿನ ಮೊದಲನೇ ಟ್ಯಾಂಕು ಮುಗಿಯಲು ಹದಿನೈದು ದಿನ ಹಿಡಿಯಿತು. ಬೆನ್ನು ಒಡೆದುಹೋಗುವಂತೆ ನೋಯುತ್ತಿತ್ತು. ನೀರು ತುಂಬಿ ಪಂಪು ಒತ್ತಿದರು, ಬಲಗಡೆ ಮೇಲುಸಾಲಿನಲ್ಲಿ ಹನಿ ಕಂಡಿತು. ಭೀಮಪ್ಪ ಸುತ್ತು ಹಾಕಿದ. ಸಂಜೆ ಚೊಕ್ಕಸಂದ್ರಕ್ಕೆ ನಡೆದು ಬರುವಾಗ ಮನಸ್ಸು ಹಳೇ ಅಭ್ಯಾಸದಿಂದ ಬೆಳಗಿನಿಂದ ನಡೆದದ್ದನ್ನೆಲ್ಲ ಕೆದಕತೊಡಗಿತು. ಹಾಲಿನವನ ಜೊತೆ ಒಂದು ಮಾತು ಜೋರಾಗಿ ಆಡಿದ್ದ. ಅದನ್ನು ಹಿಡಿದುಕೊಳ್ಳಲು ಹೋದ. ಹಿಡಿತಕ್ಕೆ ಸಿಗಲಿಲ್ಲ. ಮಿಕ್ಕ ನೂರಾ ನಲವತ್ತಮೂರೂ ಅದೇ ಕೈಯಿಂದ ಬಂದು ಗಟ್ಟಿಯಾಗಿ ನಿಂತಿದ್ದವು. ಕಾರಣ ಇಲ್ಲದೆ ಮನೆಗೆ ಹೋಗುವುದು ಅವನಿಗೆ ಹೊಸದು. ಬರಿಗೈಲಿ ಹೋದ ಹಾಗೆ ಅನ್ನಿಸಿತು.

ಅಂಜನಮ್ಮ ಬಾಗಿಲಲ್ಲೇ ಮುಖ ನೋಡಿ ತಿಳಿದುಕೊಂಡಳು.

“ಸೋರ್ತಾ?”

“ಊಂ.”

“ಇವತ್ತು ಯಾಕಂತೆ?”

ಭೀಮಪ್ಪ ಚಪ್ಪಲಿ ಬಿಟ್ಟ. ಜಗಲಿಯ ಮೇಲೆ ಕೂರಲಿಲ್ಲ.

“ಸುಮ್ನೆ,” ಎಂದ. “ಸುಮ್ನೆ ಸೋರ್ತು ಕಣೆ.”

ಅಂಜನಮ್ಮ ಮುದ್ದೆಗೆ ನೀರಿಡಲು ಒಳಗೆ ಹೋದಳು, ಅವನೂ ಹಿಂದೆಯೇ ಹೋದ.